ರಾಜೀನಾಮೆ ಕೊಟ್ಟು ಮತ್ತೆ ಸೇರಿ ಅಂತಾರೆ, ಏನು ಮಾಡಲಿ?

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿ ನಾಲ್ಕೂವರೆ ವರ್ಷವಾಯಿತು. ರಾಜೀನಾಮೆ ಬರೆದುಕೊಡಿ, ಪಿಎಫ್ ತಗೊಳ್ಳಿ, ಸ್ವಲ್ಪ ದಿನ ಬಿಟ್ಟು ಹೊಸದಾಗಿ ಸೇರಿ ಎನ್ನುತ್ತಿದ್ದಾರೆ. ಮಗಳ ಫೀಸಿಗೆ ದುಡ್ಡು ಬೇಕು. ಬರೆದುಕೊಡಲೇ?
– ಓದುಗರೊಬ್ಬರು, ಪೀಣ್ಯ

ಉತ್ತರ: ಬೇಡ ತಂಗಿ, ದಯವಿಟ್ಟು ಸಹಿ ಹಾಕಬೇಡಿ. ನಿಮ್ಮಂಥ ಕಾಯಂ ಕೆಲಸದವರು ಕೆಲಸ ಬಿಟ್ಟಾಗ ಗ್ರಾಚ್ಯುಟಿ (ಸೇವೆ ಮಾಡಿದ ವರ್ಷಗಳ ಲೆಕ್ಕದಲ್ಲಿ ಮಾಲೀಕರು ಕೊಡುವ ಇಡುಗಂಟು) ಸಿಗಲು ಸತತ 5 ವರ್ಷದ ಸೇವೆ ಬೇಕು. ರಾಜೀನಾಮೆ ಕೊಟ್ಟರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ತಿಂಗಳಿಗೆ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 13,000 ರೂಪಾಯಿ ಅಂತಿಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಗ್ರಾಚ್ಯುಟಿ ವರ್ಷಕ್ಕೆ 7,500, ಐದು ವರ್ಷಕ್ಕೆ 37,500. ಆರು ತಿಂಗಳಿಗೋಸ್ಕರ ಇಷ್ಟು ದುಡ್ಡು ಬಿಡಬೇಕಾ?

ಬೇರೆ ಕಡೆ ಹೋಗಿ ಅನ್ನೋದು ಸುಲಭ. ಆದರೆ ನಡೆದು ಹೋಗುವಷ್ಟು ದೂರದಲ್ಲಿ ಎಷ್ಟು ಫ್ಯಾಕ್ಟರಿ ಇವೆ, ಬಸ್ಸಿಗೆ ಎಷ್ಟಾಗುತ್ತೆ, ಸಂಜೆ ಮಗಳನ್ನು ಯಾರು ಕರೆತರುತ್ತಾರೆ ಅಂತ ಯೋಚಿಸುವ ಹೆಂಗಸು ಸಂಬಳ ಕಡಿಮೆಯಾದರೂ ಅಲ್ಲೇ ಉಳಿಯುತ್ತಾಳೆ, ಮಾಲೀಕರಿಗೂ ಅದು ಚೆನ್ನಾಗಿ ಗೊತ್ತು. ಅದಕ್ಕೇ ಕೆಲಸಗಾರರು ಸಾಲದಿದ್ದರೂ ಕೂಲಿ ಅಷ್ಟಾಗಿ ಏರಲ್ಲ. ಒಬ್ಬೊಬ್ಬರೇ ಕೇಳಿದರೆ ಕಷ್ಟ, ಸೇರಿ ಕೇಳಬೇಕು. ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು.

ಫೀಸಿನ ವಿಷಯಕ್ಕೆ ಬಂದರೆ, ಕೆಲವು ಕಾರಣಗಳಿಗೆ ಕೆಲಸ ಬಿಡದೆಯೇ ಪಿಎಫ್ ಮುಂಗಡ ಸಿಗುತ್ತೆ. ನಿಮಗೆ ಅನ್ವಯಿಸುತ್ತಾ ಅಂತ ಪಿಎಫ್ ಕಚೇರಿಯಲ್ಲಿ ಕೇಳಿ. ಒತ್ತಾಯ ಜಾಸ್ತಿಯಾದರೆ ಯೂನಿಯನ್ ಅಥವಾ ಕಾರ್ಮಿಕ ಇಲಾಖೆಗೆ ಹೋಗಿ. ಸಂಬಳದ ಚೀಟಿ, ಐಡಿ ಕಾರ್ಡಿನ ಫೋಟೊ ಇವತ್ತೇ ತೆಗೆದಿಟ್ಟುಕೊಳ್ಳಿ.