ನೆಬ್ಯುಲೈಸರ್‌ಗೆ ಪೆಪ್ಟೈಡ್ ಪುಡಿ ಹಾಕಬಹುದೇ?

ಪ್ರಶ್ನೆ: ನನಗೆ 41 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಆರು ವರ್ಷದಿಂದ ಅಸ್ತಮಾ. ಕ್ಯಾಪ್ಸೂಲ್ ಹಾಕಿ ಎಳೆಯುವ ಬುಡೆಸೊನೈಡ್-ಫಾರ್ಮೊಟೆರಾಲ್ ಇನ್ಹೇಲರ್ ಇದೆ, ಚರಕದ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ. ಆದರೂ ಗೂಡು ಬೇಯಿಸುವಾಗ ಉಸಿರು ಕಟ್ಟುತ್ತೆ. ಶ್ವಾಸನಾಳ ತೆರೆಯುವ ಪೆಪ್ಟೈಡ್ ಬಂದಿದೆ ಅಂತ ಮೊಬೈಲಲ್ಲಿ ನೋಡಿದೆ. ಪುಡಿ ತರಿಸಿ ನೆಬ್ಯುಲೈಸರ್‌ಗೆ ಹಾಕಬಹುದಾ?

ಉತ್ತರ: ಖಂಡಿತ ಬೇಡ. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ, ಪ್ರೋಟೀನಿನ ಪುಟ್ಟ ರೂಪ. ಉಸಿರಲ್ಲಿ ಎಳೆದುಕೊಂಡು ಅಸ್ತಮಾದ ಬಿಗಿತ ಬಿಡಿಸುವ ಪೆಪ್ಟೈಡ್ ಔಷಧಿ ಯಾವುದೂ ಮೆಡಿಕಲ್ ಸ್ಟೋರಿಗೆ ಬಂದಿಲ್ಲ.

ಹಾಗಂತ ನೀವು ನೋಡಿದ್ದು ಪೂರ್ತಿ ಸುಳ್ಳೂ ಅಲ್ಲ. ವಿಐಪಿ (ವ್ಯಾಸೊಆಕ್ಟಿವ್ ಇಂಟೆಸ್ಟೈನಲ್ ಪೆಪ್ಟೈಡ್) ಎಂಬ 28 ಅಮೈನೋ ಆಮ್ಲಗಳ ಪೆಪ್ಟೈಡನ್ನು 1970ರಲ್ಲಿ ಸಾಮಿ ಸಯೀದ್ ಮತ್ತು ವಿಕ್ಟರ್ ಮಟ್ ಹಂದಿಯ ಸಣ್ಣಕರುಳಿನಿಂದ ಬೇರ್ಪಡಿಸಿದರು. ನಮ್ಮ ಶ್ವಾಸನಾಳದ ನರಗಳಲ್ಲೂ ಅದಿದೆ, ಅಲ್ಲಿನ ಸ್ನಾಯುವನ್ನು ಸಡಿಲಿಸುತ್ತದೆ. ಆದರೆ ಹೊರಗಿನಿಂದ ಕೊಟ್ಟರೆ ಬಾಳುವುದಿಲ್ಲ. ಅಲರ್ಜಿಯಲ್ಲಿ ಕೆರಳುವ ಮಾಸ್ಟ್ ಕೋಶಗಳು ಬಿಡುವ ಟ್ರಿಪ್ಟೇಸ್‌ನಂಥ ಕಿಣ್ವಗಳು ಅದನ್ನು ಬೇಗನೆ ಕತ್ತರಿಸಿಹಾಕುತ್ತವೆ. ಅಸ್ತಮಾ ಇರುವವರಲ್ಲಿ ಈ ಕೋಶಗಳದ್ದೇ ಕಾಟ ಜಾಸ್ತಿ. ಸುಲಭಕ್ಕೆ ತುಂಡಾಗದಂತೆ ಮಾರ್ಪಡಿಸಿದ ಒಂದು ರೂಪವನ್ನು 24 ರೋಗಿಗಳಿಗೆ ಕೊಟ್ಟ ಅಧ್ಯಯನ 2003ರಲ್ಲಿ ಪ್ರಕಟವಾಯಿತು. 600 ಮೈಕ್ರೊಗ್ರಾಂ ಎಳೆದ ಮೂರೇ ನಿಮಿಷದಲ್ಲಿ, ಶ್ವಾಸನಾಳ ತೆರೆಯುವ ಔಷಧಿ ಫಾರ್ಮೊಟೆರಾಲ್‌ನಷ್ಟೇ ಗುಣ ಕಂಡಿತು. ಎಳೆದು ಐದು ಗಂಟೆ ಕಳೆಯುವಷ್ಟರಲ್ಲಿ ಫಾರ್ಮೊಟೆರಾಲ್ ಮುಂದಿತ್ತು. ಆ ಫಾರ್ಮೊಟೆರಾಲ್ ಈಗಾಗಲೇ ನಿಮ್ಮ ಕೈಯಲ್ಲಿದೆ.

ಆನ್‌ಲೈನ್ ಪುಡಿಯಲ್ಲಿ ಏನಿದೆ, ಎಷ್ಟು ಶುದ್ಧ ಎಂದು ಹೇಳುವವರಿಲ್ಲ. ನೆಬ್ಯುಲೈಸರ್ ಔಷಧಿಯನ್ನು ಮಂಜಿನ ಹನಿಯಾಗಿಸುತ್ತದೆ; ಆ ಹನಿ 1ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇದ್ದರೆ ಮಾತ್ರ ಶ್ವಾಸಕೋಶಕ್ಕೆ ಇಳಿಯುತ್ತದೆ, ದಪ್ಪನೆಯದು ಗಂಟಲಲ್ಲೇ ಕೂರುತ್ತದೆ. ಕಂಪನದಿಂದ ಮಂಜು ಮಾಡುವ ಅಲ್ಟ್ರಾಸಾನಿಕ್ ನೆಬ್ಯುಲೈಸರ್ ಆದರೆ ಅದರ ಬಿಸಿಗೇ ಪೆಪ್ಟೈಡ್ ಕೆಡಬಹುದು.

ನನ್ನ ಅನುಮಾನ ನಿಮ್ಮ ಕ್ಯಾಪ್ಸೂಲ್ ಮೇಲೆ. ಗೂಡು ಬೇಯುವ ಹಬೆಗೆ ಜೆಲಾಟಿನ್ ಕವಚ ಮೆತ್ತಗಾಗಿ ಸರಿಯಾಗಿ ತೂತಾಗುವುದಿಲ್ಲ, ಒಳಗಿನ ಪುಡಿ ಗಂಟುಕಟ್ಟುತ್ತದೆ. ಎಳೆದ ಮೇಲೆ ತೆಗೆದು ನೋಡಿ: ಪುಡಿ ಉಳಿದಿದ್ದರೆ ಔಷಧಿ ಒಳಗೆ ಹೋಗಿಲ್ಲ. ಡಬ್ಬಿಯನ್ನು ಒಣಜಾಗದಲ್ಲಿಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ, ಸಾಧನದೊಳಕ್ಕೆ ಊದಬೇಡಿ. ಉಸಿರನ್ನು ಹೊರಗೆ ಬಿಟ್ಟು, ತುಟಿ ಬಿಗಿಹಿಡಿದು, ಜೋರಾಗಿ ಆಳವಾಗಿ ಎಳೆದು ಹತ್ತು ಸೆಕೆಂಡ್ ಹಿಡಿಯಿರಿ. ನಿಧಾನವಾಗಿ ಎಳೆಯಬೇಕಾದದ್ದು ಒತ್ತುವ ಪಂಪನ್ನು, ಇದನ್ನಲ್ಲ. ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ.

ಎರಡನೆಯ ಅನುಮಾನ ಗೂಡಿನದ್ದೇ. ನೂಲಿನ ಅಂಟಾದ ಸೆರಿಸಿನ್ ಕೂಡ ಒಂದು ಪ್ರೋಟೀನ್, ಬಿಚ್ಚುವ ಕೆಲಸದವರಲ್ಲಿ ಅದರಿಂದಲೇ ಅಸ್ತಮಾ ಬರುವುದುಂಟು. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಕೊಳ್ಳಿ. ದಿನಕ್ಕೆ ನಾಲ್ಕು ಹೊತ್ತು, ಪ್ರತಿ ಹೊತ್ತೂ ನಿಂತು ಮೂರು ಸಲ ಊದಿ, ಹೆಚ್ಚು ಬಂದದ್ದನ್ನು ಬರೆದಿಡಿ. ಕೆಲಸದ ಎರಡು ವಾರ, ರಜೆಯ ಎರಡು ವಾರ. ರಜೆಯಲ್ಲಿ ಅಂಕಿ ಏರಿದರೆ ಆ ಪುಸ್ತಕ ಹಿಡಿದುಕೊಂಡು ಶ್ವಾಸಕೋಶ ತಜ್ಞರ ಹತ್ತಿರ ಹೋಗಿ. ಬೇಯಿಸುವ ಜಾಗಕ್ಕೆ ಹಬೆ ಎಳೆಯುವ ಫ್ಯಾನ್ ಹಾಕಿಸಲು ಮಾಲೀಕರನ್ನು ಈಗಲೇ ಕೇಳಿ.

ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು ಬಂದರೆ ಈ ಲೆಕ್ಕವೆಲ್ಲ ಬಿಟ್ಟು 108ಕ್ಕೆ ಫೋನ್ ಮಾಡಿ.