ಗಂಟೆಯೇ ಇಲ್ಲದ ಗಂಟೆಯ ಹಾಡು

ಓದುಗರ ಪತ್ರ: ಡಿಸೆಂಬರ್ ಸಂಚಿಕೆಯಲ್ಲಿ ‘ಕ್ಯಾರಲ್ ಆಫ್ ದ ಬೆಲ್ಸ್’ ಉಕ್ರೇನಿನ ಹಳ್ಳಿ ಹಾಡು ಅಂತ ಬರೆದಿದ್ದೀರಿ. ನನ್ನ ಹೆಂಡತಿ ಅದನ್ನು ನಮ್ಮ ಅಪಾರ್ಟ್‌ಮೆಂಟ್ ತಂಡದಲ್ಲಿ ಮೂರು ವರ್ಷದಿಂದ ಹಾಡುತ್ತಿದ್ದಾಳೆ. ಅದು ಅಪ್ಪಟ ಇಂಗ್ಲಿಷ್ ಕ್ರಿಸ್‌ಮಸ್ ಹಾಡು. ಇಷ್ಟಕ್ಕೂ ರಾಗ ಚೆನ್ನಾಗಿದ್ದರೆ ಸಾಲದೇ? ಮೂಲ ಕೆದಕಿ ಆಗಬೇಕಾದ್ದೇನು?

ಸಂಪಾದಕರ ಉತ್ತರ: ನಿಮ್ಮದು ಒಂದು ಮಾತು ಒಪ್ಪಿದೆ. ಊರು ದಾಟಿದ ಹಾಡಿಗೆ ಮಾತು ಬದಲಾಗುವುದು ಸಹಜ. 1936ರಲ್ಲಿ ಅಮೆರಿಕದ ಸಂಗೀತಗಾರ ಪೀಟರ್ ವಿಲ್ಹೌಸ್ಕಿ ಅವರಿಗೆ ಆ ರಾಗದಲ್ಲಿ ಗಂಟೆ ಕೇಳಿಸಿತು, ಇಂಗ್ಲಿಷ್ ಸಾಲು ಬರೆದರು. ಅದೇನು ಕಳ್ಳತನವಲ್ಲ. ಒಪ್ಪಿಗೆ ಇಲ್ಲಿಗೆ ಮುಗಿಯಿತು, ಇನ್ನು ಜಗಳ.

ಮೂಲದಲ್ಲಿ ಗಂಟೆ ಇಲ್ಲ ಸಾರ್, ಕ್ರಿಸ್‌ಮಸ್ಸೂ ಇಲ್ಲ. ಇರುವುದು ಒಂದು ಕವಲುತೋಕೆ ಹಕ್ಕಿ. ಚಳಿಗಾಲದಲ್ಲಿ ನಮ್ಮ ಕರೆಂಟ್ ತಂತಿ ಮೇಲೆ ಸಾಲಾಗಿ ಕೂರುತ್ತದಲ್ಲ, ಅದೇ ಜಾತಿ. ಅದು ಮನೆಗೆ ಹಾರಿಬಂದು ಯಜಮಾನನನ್ನು ಕೂಗುತ್ತದೆ. ಹೊರಗೆ ಬಾ, ದೊಡ್ಡಿ ನೋಡು, ಕುರಿ ಮರಿ ಹಾಕಿವೆ, ದುಡ್ಡು ಕೈತುಂಬ ಬರುತ್ತೆ ಅನ್ನುತ್ತದೆ. ದುಡ್ಡಿನ ಬದಲು ಬರೀ ಹೊಟ್ಟು ಸಿಕ್ಕರೂ ಏನಂತೆ, ಮನೆಯಲ್ಲಿ ಕಪ್ಪು ಹುಬ್ಬಿನ ಹೆಂಡತಿ ಇದ್ದಾಳಲ್ಲ!

ಹಾಡಿನ ಹೆಸರು ಶ್ಚೆದ್ರಿಕ್. ಹೊಸ ವರ್ಷದ ಹಿಂದಿನ ಸಂಜೆ ಹುಡುಗಿಯರು ಮನೆಮನೆಗೆ ಹೋಗಿ ಹೀಗೆ ಹಾಡಿ ಹರಸುತ್ತಾರೆ. ಮನೆಯವರು ತಿಂಡಿಯೋ ಚಿಲ್ಲರೆಯೋ ಕೊಟ್ಟು ಕಳಿಸುತ್ತಾರೆ. ಹಿಮ ಬೀಳುವ ಕಾಲದಲ್ಲಿ ಕವಲುತೋಕೆ ಎಲ್ಲಿಂದ ಬಂತು? ಮಜಾ ಇರುವುದೇ ಅಲ್ಲಿ. ಹಿಂದೆ ಆ ಕಡೆ ಹೊಸ ವರ್ಷ ವಸಂತದಲ್ಲಿ, ಹಕ್ಕಿ ಮರಳುವ ಹೊತ್ತಿಗೆ ಬರುತ್ತಿತ್ತು ಅಂತಾರೆ ಬಲ್ಲವರು. ಪಂಚಾಂಗ ಬದಲಾಯಿತು, ಹಾಡು ಹಕ್ಕಿಯನ್ನು ಕೈಬಿಡಲಿಲ್ಲ. ಮೂಲ ಕೆದಕಿದ್ದಕ್ಕೇ ಇದು ಸಿಕ್ಕಿದ್ದು, ಅಲ್ವಾ?

ನಾಲ್ಕು ಸ್ವರದ ಒಂದು ತುಣುಕು, ಅದೇ ಸುತ್ತಿ ಸುತ್ತಿ ಬರುತ್ತದೆ. ಅದನ್ನು ಮೇಳಕ್ಕೆ ಹೊಂದಿಸಿದವರು ಮಿಕೋಲಾ ಲಿಯೊಂಟೊವಿಚ್. ಹಳ್ಳಿ ಪಾದ್ರಿಯ ಮಗ, ಹಾಡಿನ ಮೇಷ್ಟ್ರು. ವರ್ಷಗಟ್ಟಲೆ ತಿದ್ದಿದರು. 1916ರಲ್ಲಿ ಕೀವ್‌ನಲ್ಲಿ ಅದನ್ನು ಮೊದಲು ಹಾಡಿದ್ದು. 1921ರ ಜನವರಿಯಲ್ಲಿ ಅಪ್ಪನ ಮನೆಗೆ ಬಂದಿದ್ದರು. ರಾತ್ರಿ ತಂಗಲು ಜಾಗ ಕೇಳಿಬಂದ ಸೋವಿಯತ್ ಗುಪ್ತ ಪೊಲೀಸಿನವನೊಬ್ಬ ಬೆಳಗಿನ ಜಾವ ಗುಂಡು ಹೊಡೆದು ಕೊಂದ. ಅವರಿಗಾಗ 43 ವರ್ಷ. ಮರುವರ್ಷ ಅಕ್ಟೋಬರ್‌ನಲ್ಲಿ ಒಲೆಕ್ಸಾಂದ್ರ್ ಕೊಶೆಟ್ಸ್ ಅವರ ತಂಡ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಶ್ಚೆದ್ರಿಕ್ ಹಾಡಿತು. ಉಕ್ರೇನ್ ಅಂತ ಒಂದು ದೇಶ ಇದೆ ಅಂತ ಜಗತ್ತಿಗೆ ತೋರಿಸಲು 1919ರಲ್ಲಿ ಹೊರಟ ತಂಡ ಅದು. ಅಮೆರಿಕ ಮುಟ್ಟುವಷ್ಟರಲ್ಲಿ ಅವರನ್ನು ಕಳಿಸಿದ ಸರ್ಕಾರವೇ ಕೀವ್‌ನಲ್ಲಿ ಇರಲಿಲ್ಲ.

ನಿಮ್ಮೊಬ್ಬರ ಮೇಲೆ ಸಿಟ್ಟಿಲ್ಲ ಬಿಡಿ. ಹೋದ ವರ್ಷ ಒಂದು ಗಾಯನ ಕಾರ್ಯಕ್ರಮಕ್ಕೆ ಹೋಗಿದ್ದೆ. ಕರಪತ್ರದಲ್ಲಿ ಮೈಕ್ ಸೆಟ್‌ನವರ ಹೆಸರಿತ್ತು, ಸಮೋಸ ಕೊಡಿಸಿದವರ ಹೆಸರಿತ್ತು. ಈ ಹಾಡಿನ ಮುಂದೆ ಸುಮ್ನೆ ‘ಸಾಂಪ್ರದಾಯಿಕ’ ಅಂತಿತ್ತು. ಮೊಬೈಲಿನಲ್ಲಂತೂ ಕೇಳಲೇಬೇಡಿ, ಡ್ರಮ್ಸ್ ಹೊಡೆದು ‘ಫೋಕ್’ ಅಂತ ಹಣೆಪಟ್ಟಿ ಅಂಟಿಸಿದರೆ ಆಯಿತು. ಇಷ್ಟಾದರೂ ಹುಡುಕಿದರೆ ಲಿಯೊಂಟೊವಿಚ್ ಹೆಸರು ಸಿಗುತ್ತದೆ. ಅವರಿಗಿಂತ ಮುಂಚೆ ಚಳಿಯಲ್ಲಿ ಬಾಗಿಲ ಮುಂದೆ ನಿಂತು ಹಾಡಿದ ಹುಡುಗಿಯರ ಹೆಸರು ಎಲ್ಲೂ ಸಿಗಲ್ಲ.

ನಿಮ್ಮ ಮನೆಯವರು ಈ ಸಲವೂ ಹಾಡಲಿ, ಇಂಗ್ಲಿಷಿನಲ್ಲೇ ಹಾಡಲಿ. ಅದರಲ್ಲಿ ಕಪ್ಪು ಹುಬ್ಬಿನ ಸಾಲು ಇಲ್ಲ. ಅದನ್ನು ಮನೆಯಲ್ಲಿ ನೀವೇ ಹೇಳಬೇಕಾಗುತ್ತದೆ.