ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರನ್ನು ಏನಂತ ಕೇಳಬೇಕು, ಹೇಗೆ ಕೇಳಬೇಕು?

ಊರಿನ ಸರ್ಕಾರಿ ಪ್ರಾಥಮಿಕ ಶಾಲೆ ಸುಧಾರಿಸಲು, ಶಿಕ್ಷಕರನ್ನು ಹೊಣೆ ಮಾಡಲು ಪೋಷಕರು ಏನು ಮಾಡಬಹುದು ಎಂದು ಕೇಳಿದ್ದೀರಿ. ಕರ್ನಾಟಕದ ಮಟ್ಟಿಗೆ ಹೇಳುತ್ತೇನೆ: ಮೇಷ್ಟ್ರು ಎಷ್ಟು ಗಂಟೆಗೆ ಬಂದರು ಎನ್ನುವುದಕ್ಕಿಂತ ಮಗುವಿಗೆ ಓದಲು ಬರುತ್ತದೆಯೇ ಎನ್ನುವುದನ್ನು ಮೊದಲು ಹಿಡಿಯಿರಿ.

ಹಾಜರಿಯನ್ನು ಬಿಟ್ಟುಬಿಡಿ ಅನ್ನುತ್ತಿಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳಲ್ಲಿ ನೋಡಿದಾಗ, ಶಾಲೆಯಲ್ಲಿ ಇಲ್ಲದ ಶಿಕ್ಷಕರು ನೂರಕ್ಕೆ ಸುಮಾರು 18 ಮಂದಿ. ಒಟ್ಟು ಶಿಕ್ಷಕರಲ್ಲಿ ಕಾರಣವಿಲ್ಲದೆ ತಪ್ಪಿಸಿಕೊಂಡವರು ನೂರಕ್ಕೆ 2.5 ಮಾತ್ರ, ಶಾಲೆಯಲ್ಲಿಲ್ಲದ ಉಳಿದವರದು ರಜೆ, ತರಬೇತಿ, ಇಲಾಖೆ ಕೆಲಸ. ಹಾಗಾಗಿ ಕುರ್ಚಿ ಖಾಲಿ ಕಂಡ ಕೂಡಲೇ ಜಗಳಕ್ಕೆ ನಿಲ್ಲಬೇಡಿ, ಮುಖ್ಯ ಶಿಕ್ಷಕರ (ಎಚ್.ಎಂ.) ಹತ್ತಿರ ಚಲನವಲನ ವಹಿ, ಅಂದರೆ ಶಿಕ್ಷಕರು ಹೊರಗೆ ಹೋಗುವಾಗ ಬರೆದಿಡುವ ಪುಸ್ತಕ ಕೇಳಿ. ಅದರಲ್ಲಿ ಬರೆಯದೇ ಹೋಗುವವರಿದ್ದರೆ ದಿನಾಂಕ ಗುರುತು ಹಾಕಿಕೊಳ್ಳಿ. ಮೀಟಿಂಗು, ತರಬೇತಿ ಎಂದೇ ಪಾಠ ತಪ್ಪುತ್ತಿದ್ದರೆ ಕೇಳಬೇಕಾದದ್ದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯನ್ನು.

ಈಗ ಓದಿನ ವಿಷಯ. ನಾಲ್ಕನೇ ತರಗತಿಯ ಹಾಜರಿ ಪುಸ್ತಕದಲ್ಲಿ ಪ್ರತಿ ಮೂರನೇ ಹೆಸರು ಆರಿಸಿ, ಹತ್ತು ಮಕ್ಕಳಾಗಲಿ. ಆರಿಸುವುದನ್ನು ಶಿಕ್ಷಕರಿಗೆ ಬಿಟ್ಟರೆ ಜಾಣ ಮಕ್ಕಳೇ ಬರುತ್ತಾರೆ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಐದು ನಿಮಿಷ ಓದಿಸಿ. ಎಲ್ಲರೆದುರು ಓದಿಸಿದರೆ ಬರುವ ಮಗುವೂ ತಡವರಿಸುತ್ತದೆ. ಪಾಠದ ಪುಸ್ತಕ ಬೇಡ, ಎಷ್ಟೋ ಮಕ್ಕಳಿಗೆ ಅದು ಬಾಯಿಪಾಠ. ಎರಡನೇ ತರಗತಿ ಮಟ್ಟದ, ಅವರು ನೋಡಿರದ ಎಂಟು ಸಾಲಿನ ಕಥೆ ಕೊಡಿ. ‘ಅಕ್ಕ’, ‘ಅಮ್ಮ’ ಸಲೀಸಾಗಿ ಓದಿ, ‘ಪುಸ್ತಕ’ ಬಂದಾಗ ‘ಪುಸತಕ’ ಎಂದರೆ ಒಂದು ಅಕ್ಷರಕ್ಕೆ ಬೇರೆ ಅಕ್ಷರದ ಒತ್ತು ಬರುವ ಕಡೆ ಮಗು ನಿಂತಿದೆ ಎಂದರ್ಥ. ಆಮೇಲೆ 52ರಲ್ಲಿ 27 ಕಳೆಯಲು ಹೇಳಿ. 35 ಎಂದು ಬರೆದರೆ ಏಳರಲ್ಲಿ ಎರಡು ಕಳೆದಿದೆ, ದಶಕದಿಂದ ಸಾಲ ತರುವುದು ಗೊತ್ತಿಲ್ಲ. ಇಷ್ಟು ನಿಖರವಾಗಿ ಹೇಳಿದರೆ ಯಾವ ಶಿಕ್ಷಕರೂ ‘ನಿಮಗೇನು ಗೊತ್ತು’ ಎನ್ನಲಾರರು, ಮಾತು ತಾನಾಗಿ ಪರಿಹಾರದ ಕಡೆಗೆ ತಿರುಗುತ್ತದೆ.

ಪರಿಹಾರ ಕಷ್ಟದ್ದಲ್ಲ. ದಿನಕ್ಕೆ ಒಂದು ಗಂಟೆ ತರಗತಿ ಮರೆತು ಅಕ್ಷರ, ಪದ, ವಾಕ್ಯ, ಕಥೆ ಎಂದು ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸುವುದು. ಸರ್ಕಾರಿ ಶಾಲೆ ಮಕ್ಕಳ ಓದು, ಲೆಕ್ಕ ಸುಧಾರಿಸುವ ‘ಓದು ಕರ್ನಾಟಕ’ ಕಾರ್ಯಕ್ರಮದ ಜೀವಾಳವೂ ಇದೇ. ಸಿಲೆಬಸ್ ಮುಗಿಸುವ ಒತ್ತಡ ಬಂದಾಗ ಮೊದಲು ಕೈಬಿಡುವುದು ಈ ಒಂದು ಗಂಟೆಯನ್ನೇ. ಮೂರು ತಿಂಗಳಿಗೊಮ್ಮೆ ಮತ್ತೆ ಓದಿಸಿ ನೋಡಿದರೆ ಅದು ನಿಂತಿದೆಯೋ ನಡೆಯುತ್ತಿದೆಯೋ ಗೊತ್ತಾಗುತ್ತದೆ.

ಇದನ್ನೆಲ್ಲ ಒಬ್ಬರೇ ಮಾಡಬೇಡಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮೂಲಕ ಮಾಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಹಲವು ಕಡೆ ಸಭೆ ಸೇರದೆಯೇ ನಡವಳಿ ಪುಸ್ತಕ ಮನೆಗೆ ಬಂದು ಸಹಿ ಹಾಕಿಸಿಕೊಳ್ಳುತ್ತದೆ. ಹಾಗೆ ಸಹಿ ಹಾಕಬೇಡಿ. ಕೂಲಿಗೆ ಹೋಗುವ ತಾಯಂದಿರು ಹಗಲು ಹನ್ನೊಂದಕ್ಕೆ ಬರಲಾರರು. ಅವರಿಗೆ ಆಗುವ ಹೊತ್ತಿಗೆ ಸಭೆ ಇಡಿ.

ದೂರಿಗೆ ಮೊದಲು ಶಿಕ್ಷಕರನ್ನು ಎಣಿಸಿ. ಒಂದರಿಂದ ಐದನೇ ತರಗತಿಯವರೆಗೆ ಒಟ್ಟು 60 ಮಕ್ಕಳವರೆಗೂ ಇಬ್ಬರು, 90ರವರೆಗೆ ಮೂವರು, 120ರವರೆಗೆ ನಾಲ್ವರು ಇರಬೇಕು. ಅಷ್ಟಿಲ್ಲದಿದ್ದರೆ ಇರುವವರನ್ನು ಬೈಯುವುದು ಅನ್ಯಾಯ. ಖಾಲಿ ಹುದ್ದೆ ತುಂಬಿ ಎಂದು ಅವರನ್ನೂ ಜೊತೆಗಿಟ್ಟುಕೊಂಡು ಬಿಇಒಗೆ ಬರೆಯಿರಿ.

ಶಿಕ್ಷಕರಿದ್ದೂ ಕಲಿಸದಿದ್ದರೆ ಕಾಯ್ದೆಯ 24ನೇ ಸೆಕ್ಷನ್ ಇದೆ: ಸಮಯಕ್ಕೆ ಬರುವುದು, ಪಠ್ಯಕ್ರಮ ಮುಗಿಸುವುದು, ಹಿಂದುಳಿದ ಮಗುವಿಗೆ ಹೆಚ್ಚುವರಿಯಾಗಿ ಕಲಿಸುವುದು, ಪೋಷಕರಿಗೆ ಪ್ರಗತಿ ತಿಳಿಸುವುದು, ಎಲ್ಲವೂ ಅವರ ಕರ್ತವ್ಯ; ತಪ್ಪಿದರೆ ಶಿಸ್ತು ಕ್ರಮ. ‘ಸರಿಯಾಗಿ ಪಾಠ ಮಾಡಲ್ಲ’ ಎಂದು ಬರೆದ ಅರ್ಜಿ ಕಡತದಲ್ಲೇ ಸಾಯುತ್ತದೆ. ದಿನಾಂಕ, ತರಗತಿ, ಓದಿಸಿದ ಫಲಿತಾಂಶ, ಸಮಿತಿಯ ನಡವಳಿಯ ಪ್ರತಿ ಲಗತ್ತಿಸಿ ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲೂ ಆಗದಿದ್ದರೆ 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ (ಪಂಚಾಯಿತಿ, ನಗರಸಭೆಯಂಥ ಸಂಸ್ಥೆ) ಲಿಖಿತ ದೂರು ಕೊಡಬಹುದು. ಅವರು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು; ಅದು ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು.